ಎರಡು ಊಟಗಳ ನಡುವೆ ನೋಡಬೇಕಾದ ಊರು

ಮದುವೆಗೆ ಇನ್ನು ಮೂರು ವಾರ ಇರುವಾಗ ಅಣ್ಣನ ಮಗಳು ನನಗೊಂದು ಕೆಲಸ ಒಪ್ಪಿಸಿದಳು. "ಅತ್ತೆ, ಅವರ ಕಡೆಯವರು ಎಪ್ಪತ್ತು ಜನ ಹಿಂದಿನ ದಿನ ಬೆಳಿಗ್ಗೆಯೇ ಬಂದು ಇಳೀತಾರೆ. ಹಗಲೆಲ್ಲ ಛತ್ರದಲ್ಲಿ ಕೂತು ಏನು ಮಾಡ್ತಾರೆ ಪಾಪ? ಶಿವಮೊಗ್ಗದಲ್ಲಿ ಏನೇನು ನೋಡಬಹುದು ಅಂತ ಒಂದು ಪಟ್ಟಿ ಮಾಡಿಕೊಡಿ, ಗ್ರೂಪಿಗೆ ಹಾಕ್ತೀನಿ" ಎಂದಳು. ಮೂವತ್ತು ವರ್ಷದಿಂದ ಈ ಊರಿನಲ್ಲಿರುವ ನನಗೆ ಇದೆಂಥ ಕಷ್ಟ ಎಂದುಕೊಂಡು ಅರ್ಧ ಗಂಟೆಯಲ್ಲಿ ಹದಿನಾಲ್ಕು ಸ್ಥಳಗಳನ್ನು ಬರೆದುಕೊಟ್ಟೆ. ಜೋಗ, ಆಗುಂಬೆ, ಕುಪ್ಪಳಿ, ಕವಲೇದುರ್ಗ, ಕೆಳದಿ-ಇಕ್ಕೇರಿ, ಸಿಗಂದೂರು ಎಂದು ಶುರುವಾದ ಆ ಪಟ್ಟಿಯಲ್ಲಿ ಸಕ್ರೆಬೈಲು, ತ್ಯಾವರೆಕೊಪ್ಪ, ಮಂಡಗದ್ದೆ, ಕೂಡಲಿ, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ ಎಲ್ಲವೂ ಬಂದಿದ್ದವು. ಕೊನೆಯಲ್ಲಿ, ಎಲ್ಲೋ ಮರೆತುಹೋದವರನ್ನು ಕರೆದಂತೆ, ಶಿವಪ್ಪನಾಯಕನ ಅರಮನೆ, ಸೇಕ್ರೆಡ್ ಹಾರ್ಟ್ ಚರ್ಚು, ಕೋಟೆ ಆಂಜನೇಯ ಎಂಬ ಮೂರು ಹೆಸರುಗಳಿದ್ದವು. ಕಳಿಸಿದ ಮೇಲೆ ಓದಿಕೊಂಡಾಗ ಕಂಡದ್ದು ಇದು: ಹದಿನಾಲ್ಕರಲ್ಲಿ ಹನ್ನೊಂದು ಊರ ಹೊರಗಿನವು, ಅದರಲ್ಲೂ ಮೊದಲ ಆರು, ಹೋಗಿಬರಲು ಇಡೀ ಹಗಲನ್ನೇ ನುಂಗುವಂಥವು. ಶಿವಮೊಗ್ಗದಲ್ಲಿ ಏನು ನೋಡಬಹುದು ಎಂದು ಕೇಳಿದರೆ, ಶಿವಮೊಗ್ಗದಿಂದ ಆಚೆ ಹೋಗುವ ದಾರಿಗಳನ್ನು ನಾನು ಬರೆದುಕೊಟ್ಟಿದ್ದೆ.

ಆಗ ಅದನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಜೋಗವಿಲ್ಲದ ಪಟ್ಟಿಯನ್ನು ಬೀಗರ ಕೈಗೆ ಕೊಟ್ಟರೆ ನಮ್ಮ ಜಿಲ್ಲೆಯ ಮಾನ ಏನಾಗಬೇಕು ಎಂಬ ಒಣ ಪ್ರತಿಷ್ಠೆ ಒಂದು ಕಾರಣವಾದರೆ, ಮದುವೆಗೆ ಬಂದವರು ನಿಜವಾಗಿ ಎದ್ದು ಹೋಗುತ್ತಾರೆಂದು ನಾನು ನಂಬಿರದಿದ್ದುದು ಇನ್ನೊಂದು ಕಾರಣ.

ಜೋಗ ಎಷ್ಟು ದೂರ?

ಎದ್ದು ಹೋದರು. ಶನಿವಾರ ನಸುಕಿನ ರೈಲಿಗೆ ಬಂದಿಳಿದು, ಸ್ನಾನ ಮುಗಿಸಿ, ತಿಂಡಿಗೆ ಕುಳಿತಾಗಲೇ ಹುಡುಗರ ಗುಂಪೊಂದು "ಆಂಟಿ, ಜೋಗ ಎಷ್ಟು ದೂರ?" ಎಂದು ಕೇಳಿತು. ನೂರು ಕಿಲೋಮೀಟರು, ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ, ಸಾಗರದಲ್ಲಿ ನಿಂತರೆ ಇನ್ನೂ ಹೆಚ್ಚು ಎಂದೆ. ಇದು ಫೆಬ್ರವರಿ, ಮಳೆ ನಿಂತು ತಿಂಗಳುಗಳಾಗಿವೆ, ಶರಾವತಿಯ ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗಾಗಿ ನಿಂತಿರುತ್ತದೆ, ಜಲಪಾತಕ್ಕೆ ಮಿಕ್ಕಿದ್ದಷ್ಟೇ ಬರುತ್ತದೆ ಎಂದೂ ಹೇಳಿದೆ. ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಅದರಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ 253 ಮೀಟರು ಕೆಳಕ್ಕೆ ಮುಗುಚಿ ಬೀಳುತ್ತಿದ್ದವು, ಮಂಜಿನಲ್ಲಿ ಎದುರಿನ ಬಂಡೆ ಕಾಣುತ್ತಿರಲಿಲ್ಲ. "ಅದು ಆಗಸ್ಟಿನದು ಮಾರಾಯ" ಎಂದೆ. ಅವನು ನನ್ನನ್ನು ನೋಡಿ ನಕ್ಕ ರೀತಿಯಲ್ಲಿ, ಊರಿನವರಿಗೆ ಊರಿನ ಬೆಲೆ ಗೊತ್ತಿರುವುದಿಲ್ಲ ಎಂಬ ಅನುಕಂಪವಿತ್ತು. ಸಿಗಂದೂರಿಗೆ ಲಾಂಚಿನಲ್ಲಿ ಹೋಗಬೇಕೆಂದು ಇನ್ನೊಬ್ಬಳ ಆಸೆ; 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ಬಂದಿದೆ, ಈಗ ಕಾರಿನಲ್ಲೇ ದಾಟುತ್ತಾರೆ ಎಂದಾಗ ಆಕೆಯ ಮುಖ ಬಾಡಿತು. ಅಲ್ಲಿನ ಜನ ಆ ಸೇತುವೆಗಾಗಿ ಎಷ್ಟು ವರ್ಷ ಕಾದಿದ್ದರು ಎಂಬುದನ್ನು ಹೇಳುವಷ್ಟರಲ್ಲಿ ಟೆಂಪೊ ಟ್ರಾವೆಲರ್ ಬಾಗಿಲಿಗೆ ಬಂದಿತ್ತು.

ಹನ್ನೊಂದು ಜನ ಹೋದರು. ಅವರಲ್ಲಿ ಮದುಮಗನ ತಂಗಿಯೂ ಇದ್ದಳು. ಸಂಜೆ ಆರಕ್ಕೆ ವರಪೂಜೆ, ಏಳಕ್ಕೆ ಆರತಕ್ಷತೆ. ಅವರು ವಾಪಸಾದದ್ದು ಏಳೂಕಾಲಿಗೆ. ರೋರರ್ ಎಂಬ ಧಾರೆ ಆ ದಿನ ಪಿಸುಗುಟ್ಟುತ್ತಲೂ ಇರಲಿಲ್ಲವಂತೆ. ಕಪ್ಪು ಬಂಡೆಯ ಮೇಲೆ ಯಾರೋ ಎರಡು ಬಿಳಿ ನೂಲು ಇಳಿಬಿಟ್ಟಂತಿತ್ತು ಎಂದು ಹುಡುಗನೇ ಹೇಳಿದ. ಇತ್ತ ತಂಗಿಯ ಬದಲಿಗೆ ಯಾವುದೋ ದೂರದ ಸಂಬಂಧದ ಹುಡುಗಿ ಆರತಿ ತಟ್ಟೆ ಹಿಡಿದಿದ್ದಳು, ಮದುಮಗನ ತಾಯಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಅಣ್ಣ ಮಂಟಪದ ಮೇಲಿನಿಂದಲೇ ನನ್ನತ್ತ ಒಮ್ಮೆ ನೋಡಿದ. ಪಟ್ಟಿಯ ಮೊದಲ ಸಾಲಿನಲ್ಲಿ ಜೋಗವನ್ನು ಬರೆದವಳು ನಾನೇ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು.

ಅಂದು ರಾತ್ರಿ ಯೋಚಿಸುತ್ತ ಕುಳಿತಾಗ ಹೊಳೆದದ್ದು, ಪ್ರವಾಸಿಯೂ ಮದುವೆಯ ನೆಂಟನೂ ಒಂದೇ ಅಲ್ಲ ಎಂಬ ಸರಳ ಸಂಗತಿ. ಪ್ರವಾಸಿ ತನ್ನ ಹೊತ್ತನ್ನು ತಾನೇ ಹಂಚಿಕೊಳ್ಳುತ್ತಾನೆ. ನೆಂಟನ ಹೊತ್ತನ್ನು ಹಂಚುವವರು ಪುರೋಹಿತರು ಮತ್ತು ಅಡುಗೆ ಭಟ್ಟರು. ತಿಂಡಿಗೂ ಊಟಕ್ಕೂ ನಡುವೆ ಮೂರೂವರೆ ಗಂಟೆ, ಊಟಕ್ಕೂ ಸಂಜೆಯ ಕಾಫಿಗೂ ನಡುವೆ ಇನ್ನು ಮೂರು ಗಂಟೆ. ಅವನ ಪ್ರವಾಸವೆಲ್ಲ ಈ ಎರಡು ಸಂದಿಗಳಲ್ಲಿ ಮುಗಿಯಬೇಕು. ಅದೂ ಜರಿ ಸೀರೆಯುಟ್ಟು, ಹೊಸ ಚಪ್ಪಲಿ ಕಚ್ಚಿದ ಕಾಲಿನಲ್ಲಿ, ಹೊಟ್ಟೆಯಲ್ಲಿ ಹೋಳಿಗೆ ಇರುವಾಗ.

ವಿಧಾನಸೌಧದ ಮುಂದೆ ಅಜ್ಜ

ಇದೇ ಸಂಗತಿಯನ್ನು ನಾನು ಎದುರುಕಡೆಯಿಂದ ಒಮ್ಮೆ ಅನುಭವಿಸಿದ್ದೇನೆ. ಆಗ ನನಗೆ ಹತ್ತು ವರ್ಷ. ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಮದುವೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾವು ಮಕ್ಕಳು, ಜೊತೆಗೆ ಅಕ್ಕಪಕ್ಕದ ಮನೆಯ ನಾಲ್ಕು ಜನ, ಎಲ್ಲರೂ ಒಂದು ಮೆಟಡೋರಿನಲ್ಲಿ ತುಂಬಿಕೊಂಡು ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋಗಿದ್ದೆವು. ಬ್ಯಾಂಕಿನಲ್ಲಿದ್ದ ಚಿಕ್ಕಪ್ಪನಿಗೆ ಹಳ್ಳಿಯವರಿಗೆ ಬೆಂಗಳೂರು ತೋರಿಸುವ ಉತ್ಸಾಹ. ಧಾರೆ ಮುಗಿದು ಊಟವಾದದ್ದೇ ತಡ, ನಮ್ಮನ್ನು ಹೊರಡಿಸಿದ. ಮೊದಲು ದೊಡ್ಡ ಬಸವಣ್ಣ, ಅಲ್ಲಿಂದ ಲಾಲ್‌ಬಾಗು. 1889ರ ಗಾಜಿನ ಮನೆಯ ಮುಂದೆ ನಿಂತು ಅದರ ಕಬ್ಬಿಣ, ಅದರ ಗಾಜು, ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ಎಲ್ಲವನ್ನೂ ವಿವರಿಸಿದ. ಅಜ್ಜಿ ಒಳಗೆ ಇಣುಕಿ ನೋಡಿ, "ಮಳೆ ಬಂದ್ರೆ ಸೋರೋದಿಲ್ವಾ?" ಎಂದು ಕೇಳಿ, ಆಚೆ ಹೋಗಿ ಒಂದು ಭಾರಿ ಬೂರುಗದ ಮರದ ಹತ್ತಿರ ಸೆರಗು ಹಾಸಿ ಕುಳಿತಳು. ಮನೆಯ ಹಿಂದೆ ಕಾಡೇ ಇರುವವಳಿಗೆ ಬೇಲಿ ಹಾಕಿದ ಮರಗಳನ್ನು ದುಡ್ಡು ಕೊಟ್ಟು ನೋಡುವ ವಿಷಯ ಅರ್ಥವಾಗಲಿಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂಬುದನ್ನು ನಾನು ಬಹಳ ಕಾಲದ ನಂತರ ಓದಿ ತಿಳಿದುಕೊಂಡೆ. ಆ ದಿನ ನಾವು ಮಕ್ಕಳು ಅದರ ಮೇಲಿಂದ ಜಾರುಬಂಡೆ ಆಡಿ ಲಂಗ ಹರಿದುಕೊಂಡು ಬೈಸಿಕೊಂಡೆವು.

ಕತ್ತಲಾಗುವ ಹೊತ್ತಿಗೆ ವಿಧಾನಸೌಧದ ಮುಂದೆ ಇಳಿದೆವು. ಭಾನುವಾರವಾದ್ದರಿಂದ ದೀಪ ಹಾಕುತ್ತಾರೆ, ಅದನ್ನು ನೋಡಿಯೇ ಹೋಗಬೇಕೆಂದು ಚಿಕ್ಕಪ್ಪನ ಹಟ. 1956ರಲ್ಲಿ ಕಟ್ಟಿ ಮುಗಿಸಿದ್ದು, ಕೆಂಗಲ್ ಹನುಮಂತಯ್ಯನವರ ಕನಸು, ಎಲ್ಲ ಕಲ್ಲಿನದೇ ಕಟ್ಟಡ ಎಂದು ಅವನು ಹೇಳುತ್ತಿದ್ದಾಗ ಅಜ್ಜ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನಿಗೆ ಬಸ್ಸಿನ ಹಾರ್ನುಗಳಿಂದ ತಲೆನೋವು ಬಂದಿತ್ತು. ಅಷ್ಟರಲ್ಲಿ ದೀಪ ಹತ್ತಿದವು. ಇಡೀ ಕಟ್ಟಡ ಒಮ್ಮೆಲೇ ಹಳದಿ ಬೆಳಕಿನಲ್ಲಿ ಮೇಲೆದ್ದು ನಿಂತ ಹಾಗಾಯಿತು. ಅಜ್ಜ ಬಹಳ ಹೊತ್ತು ನೋಡಿ, "ಇಷ್ಟು ಕರೆಂಟು ಎಲ್ಲಿಂದ ತರ್ತಾರೆ?" ಎಂದು ಕೇಳಿದ. ಚಿಕ್ಕಪ್ಪ, "ನಮ್ಮ ಕಡೆಯಿಂದಲೇ ದೊಡ್ಡಪ್ಪ, ಶರಾವತಿಯಿಂದ" ಎಂದ. ಅಜ್ಜನ ಅಕ್ಕನನ್ನು ಕೊಟ್ಟ ಮನೆ ಶರಾವತಿಯ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಮನೆ, ಅದರ ಮುಂದಿನ ಗದ್ದೆ, ತೋಟ ಎಲ್ಲವೂ ಮುಳುಗಡೆಯಾದವು. ಅಜ್ಜ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹಾಗಾದ್ರೆ ಅಕ್ಕನ ಮನೆ ಇಲ್ಲಿಗೆ ಬಂದು ಕೂತಿದೆ ಅನ್ನು" ಎಂದ. ಚಿಕ್ಕಪ್ಪನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ, ಹೊತ್ತಾಯಿತು ಎಂದು ಎಲ್ಲರನ್ನೂ ಗಾಡಿಗೆ ಹತ್ತಿಸಿದ. ಆ ಪ್ರವಾಸದಲ್ಲಿ ಅಜ್ಜ ನಿಜವಾಗಿ ನೋಡಿದ್ದು ಅದೊಂದನ್ನೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಊರಿಗೆ ಮರಳಿದ ಮೇಲೆ ಬೆಂಗಳೂರಿನಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ಅವನು ದೀಪದ ಸುದ್ದಿ ಹೇಳುತ್ತಿದ್ದನೇ ಹೊರತು ಕಟ್ಟಡದ ಸುದ್ದಿಯನ್ನಲ್ಲ.

ಜೋಗದಲ್ಲಿ ನೀರಿಲ್ಲವೆಂದು ಪೆಚ್ಚಾಗಿ ಬಂದ ಹುಡುಗರಿಗೆ ಈ ಕಥೆ ಹೇಳಬೇಕೆನಿಸಿತು. ಆದರೆ ಆರತಕ್ಷತೆಯ ಗದ್ದಲದಲ್ಲಿ ಯಾರಿಗೆ ಬೇಕು ಅದು.

ಮಧ್ಯಾಹ್ನ ಬಾಗಿಲು ಹಾಕುವ ಊರು

ಹನ್ನೊಂದು ಜನ ಜೋಗಕ್ಕೆ ಹೋದ ಅದೇ ಶನಿವಾರ ಬೆಳಿಗ್ಗೆ ಉಳಿದವರಲ್ಲಿ ಇಪ್ಪತ್ತೈದು ಜನರನ್ನು ನಾನು ಸಕ್ರೆಬೈಲಿಗೆ ಕರೆದುಕೊಂಡು ಹೋಗಿದ್ದೆ. ಮದುವೆಯ ಹೊತ್ತಿಗೆ ಇಷ್ಟು ಚೆನ್ನಾಗಿ ಹೊಂದುವ ಸ್ಥಳ ಈ ಸುತ್ತಿನಲ್ಲಿ ಬೇರೊಂದಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರು. ಆನೆಗಳು ಬೆಳಗಿನ ಹೊತ್ತಿಗೆ ಕಾಡಿನಿಂದ ಬಂದು, ಗಾಜನೂರಿನ ಹಿನ್ನೀರಿನಲ್ಲಿ ಸ್ನಾನ ಮುಗಿಸಿ, ಹುಲ್ಲಿನಲ್ಲಿ ಸುತ್ತಿಕೊಟ್ಟ ಭತ್ತ ಬೆಲ್ಲ ತಿಂದು ಮತ್ತೆ ಕಾಡಿಗೆ ಹೋಗುವುದರಿಂದ, ಹನ್ನೊಂದೂವರೆಗೆ ನೋಡುವುದೇ ಮುಗಿದಿರುತ್ತದೆ. ಇನ್ನೂ ಸ್ವಲ್ಪ ಇರೋಣ ಎಂದು ಹಟ ಮಾಡಲು ಅಲ್ಲಿ ಯಾರಿಗೂ ಅವಕಾಶವಿಲ್ಲ. ಆನೆಗಳೇ ಎದ್ದು ಹೋದ ಮೇಲೆ ನೆಂಟರು ಛತ್ರದ ಊಟಕ್ಕೆ ಬರದೆ ಎಲ್ಲಿಗೆ ಹೋಗಬೇಕು? ಮಾವುತ ನೀರಿನಲ್ಲಿ ಮಗ್ಗುಲಾಗಿ ಮಲಗಿಸಿದ್ದ ಹೆಣ್ಣಾನೆಯೊಂದರ ಬೆನ್ನು ಉಜ್ಜಲು ಮಕ್ಕಳಿಗೆ ಬ್ರಷ್ ಕೊಟ್ಟ. ಆನೆಯ ಚರ್ಮದ ಮೇಲೆ ಗರಿಕೆಯಂತೆ ಬಿರುಸಾದ ಕೂದಲುಗಳಿರುತ್ತವೆ ಎಂಬುದು ಮುಟ್ಟುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ಬಂದಿದ್ದ ಮದುಮಗನ ಸೋದರಮಾವನ ಮೇಲೆ ಅದು ಸೊಂಡಿಲಿನಿಂದ ನೀರು ಚಿಮ್ಮಿಸಿದ್ದು ಆ ಮದುವೆಯ ಅತ್ಯಂತ ಜನಪ್ರಿಯ ವಿಡಿಯೊ ಆಯಿತು. ಅಲ್ಲಿಂದ ಮುಂದಕ್ಕೆ ಮಂಡಗದ್ದೆಗೆ ಹೋಗೋಣವೇ ಎಂದು ಕೇಳಿದವರಿಗೆ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಈಗ ಹೋದರೆ ಬರೀ ಮರ ನೋಡಿ ಬರಬೇಕು ಎಂದು ಹೇಳಿ ತಡೆದೆ. ಜೋಗದ ಪೆಟ್ಟು ಬೀಳುವ ಮುಂಚೆಯೇ ಅಷ್ಟು ಬುದ್ಧಿ ನನಗೆ ಬಂದಿತ್ತು.

ಭಾನುವಾರ ಮಧ್ಯಾಹ್ನದ ಸಮಸ್ಯೆ ಬೇರೆ. ಧಾರೆಯಾಗಿ, ಎರಡನೇ ಪಂಕ್ತಿಯ ಊಟ ಮುಗಿದು, ತಾಂಬೂಲದ ಚೀಲ ಹಿಡಿದು ನೆಂಟರು ಬಿಡುವಾಗುವುದು ಎರಡು ಎರಡೂವರೆಗೆ. ಕೋಟೆ ಆಂಜನೇಯನೂ ಮಾರಿಕಾಂಬೆಯೂ ಸೇರಿದಂತೆ ದೇವರುಗಳು ಬಾಗಿಲು ಹಾಕಿಕೊಂಡು ವಿಶ್ರಾಂತಿ ಪಡೆಯುವ ಹೊತ್ತೂ ಅದೇ. ಗಾಂಧಿ ಬಜಾರಿನಲ್ಲಿ ಭಾನುವಾರ ಅರ್ಧ ಅಂಗಡಿ ಮುಚ್ಚಿರುತ್ತವೆ. ಬಿಸಿಲು ಕಲ್ಲುಹಾಸಿನ ಮೇಲೆ ಬರಿಗಾಲಿಡಲು ಬಿಡುವುದಿಲ್ಲ. ಇಂಥ ಹೊತ್ತಿಗೆ ಒಪ್ಪುವುದು ಶಿವಪ್ಪನಾಯಕನ ಅರಮನೆ. ಅರಮನೆ ಎಂಬ ಹೆಸರು ಕೇಳಿ ಮೈಸೂರನ್ನು ಕಣ್ಣಮುಂದೆ ತಂದುಕೊಂಡವರಿಗೆ ಮೊದಲು ಸ್ವಲ್ಪ ನಿರಾಸೆಯಾಗುತ್ತದೆ. ತುಂಗೆಯ ಪಕ್ಕದಲ್ಲಿ, ದೊಡ್ಡ ಮರದ ಕಂಬಗಳ ಮೇಲೆ ನಿಂತ, ಮಲೆನಾಡಿನ ಯಾವುದೋ ಸಾಹುಕಾರರ ತೊಟ್ಟಿಮನೆಗಿಂತ ಹೆಚ್ಚೇನೂ ಆಡಂಬರವಿಲ್ಲದ ಎರಡಂತಸ್ತಿನ ಮನೆ ಅದು. ನನಗಂತೂ ಅದರ ಅಂಗಳ ಅದಕ್ಕಿಂತ ಇಷ್ಟ. ಸುತ್ತಲಿನ ಊರುಗಳಿಂದ ತಂದ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತಿರುವವನು, ನಡುವಿನಲ್ಲಿ ಅಪ್ಸರೆಯರ ತೋಳಿನಲ್ಲಿ ಮೇಲೇರುತ್ತಿರುವವನು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತವನು, ಮೂವರೂ ಒಬ್ಬನೇ ಎಂದು ತಿಳಿಸಿಕೊಟ್ಟರೆ ಸಾಕು, ಮಕ್ಕಳು ಒಂದೊಂದು ಕಲ್ಲಿನ ಮುಂದೂ ನಿಂತು ಯಾರು ಹೇಗೆ ಸತ್ತರು ಎಂದು ತಾವೇ ಓದತೊಡಗುತ್ತಾರೆ.

1645ರಿಂದ 1660ರ ತನಕ ಆಳಿದ ಶಿವಪ್ಪನಾಯಕ ನಮ್ಮಲ್ಲಿ ಉಳಿದಿರುವುದು ಅರಮನೆಗಿಂತ ಹೆಚ್ಚಾಗಿ "ಶಿಸ್ತು" ಎಂಬ ಮಾತಿನಲ್ಲಿ. ಭೂಮಿಯ ಗುಣ ನೋಡಿ, ಬೆಳೆಯ ಲೆಕ್ಕವನ್ನು ವರ್ಷಗಟ್ಟಲೆ ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದವನು ಅವನು. ಹದಿನಾಲ್ಕು ಸ್ಥಳಗಳನ್ನು ಅರ್ಧ ಗಂಟೆಯಲ್ಲಿ ಬರೆದು ಬಿಸಾಕಿದ ನನ್ನನ್ನು ಅವನು ಶಾನುಭೋಗಿಕೆಗೆ ಖಂಡಿತ ಇಟ್ಟುಕೊಳ್ಳುತ್ತಿರಲಿಲ್ಲ.

ಇನ್ನು ವಿಮಾನ ನಿಲ್ದಾಣದ ವಿಷಯ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ಅದು ಉದ್ಘಾಟನೆಯಾದಾಗಿನಿಂದ, ನಮ್ಮ ಹಳ್ಳಿಯ ಕಡೆಯ ನೆಂಟರು ಶಿವಮೊಗ್ಗಕ್ಕೆ ಮದುವೆಗೆ ಬಂದರೆ ತಾವರೆಯಾಕಾರದ ಆ ಕಟ್ಟಡವನ್ನು ಹೊರಗಿನಿಂದಲಾದರೂ ನೋಡಿಕೊಂಡೇ ಹೋಗುತ್ತಾರೆ. ಬೆಂಗಳೂರಿನ ಬೀಗರಿಗೆ ಇದು ತಮಾಷೆಯಾಗಿ ಕಂಡಿತು. ಅದರ ಮಾರನೆಯ ದಿನ ಅವರೇ ರಸ್ತೆ ಬದಿಯ ಅಡಿಕೆ ತೋಟದಲ್ಲಿ ಇಳಿದು, ಮರ ತಬ್ಬಿಕೊಂಡು ಫೋಟೊ ತೆಗೆಸಿಕೊಂಡಾಗ ನಮ್ಮವರು ನಕ್ಕು ಲೆಕ್ಕ ಚುಕ್ತಾ ಮಾಡಿದರು.

ತುಂಗಾ ಪಾನ

ಮದುಮಗನ ತಂದೆಗೆ ಅಕ್ಕನಾಗಬೇಕಾದ ಒಬ್ಬ ಹಿರಿಯರು ಮುಂಬಯಿಯಿಂದ ಬಂದಿದ್ದರು. ಆ ಕಡೆಯವರೆಲ್ಲ ದೊಡ್ಡತ್ತೆ ಎಂದು ಕರೆಯುತ್ತಿದ್ದುದರಿಂದ ನನಗೂ ದೊಡ್ಡತ್ತೆಯೇ ಆದರು. ಎಪ್ಪತ್ತು ದಾಟಿದವರು, ಮಂಡಿ ನೋವು. ಆನೆ ನೋಡಲು ಬಂದಿರಲಿಲ್ಲ, ಅರಮನೆಗೂ ಬರಲಿಲ್ಲ. ಭಾನುವಾರ ನಾಲ್ಕರ ಹೊತ್ತಿಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನನ್ನನ್ನು ಹತ್ತಿರ ಕರೆದು, "ನಂಗೆ ಹೊಳೆ ತೋರಿಸ್ತೀರಾ? ನಮ್ಮಮ್ಮ ಸಾಯೋ ತನಕ ಗಂಗಾ ಸ್ನಾನ, ತುಂಗಾ ಪಾನ ಅಂತಿದ್ಲು. ಸ್ನಾನ ಕಾಶಿಯಲ್ಲಿ ಆಯ್ತು. ಪಾನ ಬಾಕಿ ಇದೆ" ಎಂದರು. ನನ್ನ ಹದಿನಾಲ್ಕು ಸ್ಥಳಗಳ ಪಟ್ಟಿಯಲ್ಲಿ ಹೊಳೆ ಇರಲಿಲ್ಲ. ಊರು ಹುಟ್ಟಿದ್ದೇ ಅದರ ದಡದಲ್ಲಿ. ಪಟ್ಟಿಯ ಅರ್ಧ ಸ್ಥಳಗಳಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ ಸಾಗುತ್ತದೆ.

ಒಪ್ಪಿಕೊಂಡೆನಾದರೂ ಮನಸ್ಸಿನಲ್ಲಿ ಅಳುಕಿತ್ತು. ನಗರದೊಳಗೆ ಹರಿಯುವ ತುಂಗೆಯನ್ನು ಫೆಬ್ರವರಿಯಲ್ಲಿ ನೋಡಿದವರಿಗೆ ಆ ಅಳುಕು ಏಕೆಂದು ಹೇಳಬೇಕಾಗಿಲ್ಲ. ನೀರು ಇಳಿದು ಬಂಡೆಗಳು ಎದ್ದಿರುತ್ತವೆ, ಚರಂಡಿಗಳು ಬಂದು ಸೇರುವ ಜಾಗಗಳು ವಾಸನೆಯಿಂದಲೇ ತಿಳಿಯುತ್ತವೆ. ಮುಂಬಯಿಯಿಂದ ಪಾನಕ್ಕೆಂದು ಬಂದವರನ್ನು ಅಲ್ಲಿಗೆ ಹೇಗೆ ಇಳಿಸುವುದು? ಕೂಡಲಿಗೆ ಕರೆದೊಯ್ಯಲೇ ಎಂದು ಯೋಚಿಸಿದೆ. ಒಂದೇ ಬೆಟ್ಟದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಮತ್ತು ಭದ್ರೆ ಅಲ್ಲಿ ಸೇರುವುದು, ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಮದುವೆಯ ಮರುಗಳಿಗೆಗೆ ಎಲ್ಲವೂ ಚೆನ್ನಾಗಿ ಹೊಂದುತ್ತಿತ್ತು. ಆದರೆ ಕೂಡಲಿ ಇರುವುದು ಶಿವಮೊಗ್ಗದ ಕೆಳಗೆ. ನಮ್ಮ ಊರಿನ ಕೊಳೆಯನ್ನೆಲ್ಲ ಹೊತ್ತುಕೊಂಡೇ ತುಂಗೆ ಅಲ್ಲಿಗೆ ಹೋಗುವುದು. ಮೇಲೆ ಗಾಜನೂರಿಗೆ ಹೋಗಿಬರಲು ರೈಲಿನ ಹೊತ್ತು ಬಿಡುತ್ತಿರಲಿಲ್ಲ, ಅವರ ಮಂಡಿಯೂ ಬಿಡುತ್ತಿರಲಿಲ್ಲ.

ಕೊನೆಗೆ ಕೋರ್ಪಲಯ್ಯನ ಛತ್ರದ ಹತ್ತಿರ ಕಾರು ನಿಲ್ಲಿಸಿ, ದಡದ ಮೇಲಿನಿಂದಲೇ ಹೊಳೆಯ ನಡುವಿನ ಕಲ್ಲಿನ ಮಂಟಪವನ್ನು ತೋರಿಸಿದೆ. ಮಳೆಗಾಲದಲ್ಲಿ ಶಿವಮೊಗ್ಗದವರಿಗೆ ಮಳೆಮಾಪನ ಎಂದರೆ ಅದೇ. ಮಂಟಪ ಮುಳುಗಿತಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಕೊಡೆ ಹಿಡಿದು ಅರ್ಧ ಊರು ಸೇತುವೆಯ ಮೇಲೆ ಬಂದು ನಿಂತಿರುತ್ತದೆ. ದಿನವೂ ಟಿವಿಯಲ್ಲಿ ಅಂಕಿ ಹೇಳಿದರೂ ಮಂಟಪವನ್ನು ಕಣ್ಣಾರೆ ನೋಡದೆ ನಮಗೆ ಪ್ರವಾಹ ಬಂದಂತಾಗುವುದಿಲ್ಲ. "ಈಗ ನೀವು ನೋಡ್ತಿರೋ ಕಂಬದ ಮೇಲಿನ ತಲೆಯೂ ಆಗ ಕಾಣೋದಿಲ್ಲ" ಎಂದಾಗ ದೊಡ್ಡತ್ತೆ ಕಾರಿನ ಕಿಟಕಿ ಪೂರ್ತಿ ಇಳಿಸಿ, ಮಂಟಪದ ಮೇಲೆ ರೆಕ್ಕೆ ಒಣಗಿಸುತ್ತ ಕುಳಿತಿದ್ದ ಒಂದು ನೀರುಕಾಗೆಯನ್ನು ನೋಡುತ್ತಿದ್ದರು. ಪಾನದ ಮಾತು ಅವರು ಎತ್ತಲಿಲ್ಲ. ಹೊಳೆಯ ಸ್ಥಿತಿ ಅವರಿಗೂ ಕಂಡಿತ್ತು. ಆತಿಥ್ಯ ಮಾಡುವವಳಿಗೆ ಮುಜುಗರವಾಗಬಾರದೆಂದು ಸುಮ್ಮನಿದ್ದರು.

ಕಾರು ತಿರುಗಿಸುವಾಗ ನನಗೆ ತಟ್ಟನೆ ಹೊಳೆಯಿತು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ತುಂಗೆಯ ನೀರು. ಇಡೀ ಊರು ಶುದ್ಧೀಕರಿಸಿಕೊಂಡು ಕುಡಿಯುವುದು ಅದನ್ನೇ. ಆದರೆ ಎರಡು ದಿನದಿಂದ ಛತ್ರದಲ್ಲಿ ಪ್ರತಿ ಎಲೆಯ ಪಕ್ಕದಲ್ಲೂ ಇಟ್ಟಿದ್ದದ್ದು, ವಧೂವರರ ಹೆಸರು ಅಚ್ಚು ಹಾಕಿಸಿದ ಬಾಟಲಿ ನೀರು. ಹೊಳೆಯ ದಡದ ಊರಿಗೆ ಬಂದ ಎಪ್ಪತ್ತು ಜನರಿಗೆ ನಾವು ಹೊಳೆಯ ಒಂದು ಗುಟುಕನ್ನೂ ಕುಡಿಸಿರಲಿಲ್ಲ. "ದೊಡ್ಡತ್ತೆ, ರೈಲಿಗೆ ಇನ್ನೂ ಹೊತ್ತಿದೆ, ನಮ್ಮನೆಗೆ ಬನ್ನಿ" ಎಂದೆ.

ಮನೆಯಲ್ಲಿ ಮದುವೆಯ ಸಾಮಾನುಗಳ ರಾಶಿ, ಕಾಲಿಡಲು ಜಾಗವಿಲ್ಲ. ಬೆಳಿಗ್ಗೆ ತುಂಬಿಸಿಟ್ಟಿದ್ದ ತಾಮ್ರದ ಕೊಡದಿಂದ ಒಂದು ತಂಬಿಗೆ ನೀರು ಕೊಟ್ಟು, ಇದು ತುಂಗೆಯದೇ ಎಂದೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ತುಟಿಗೆ ತಾಗಿಸದೆ, ಎತ್ತಿ ಹಿಡಿದು ಪೂರ್ತಿ ಕುಡಿದರು. ಆಮೇಲೆ ಚೀಲದಿಂದ ಛತ್ರದ ಬಾಟಲಿಯನ್ನು ತೆಗೆದು, ಅದರಲ್ಲಿ ಉಳಿದಿದ್ದ ನೀರನ್ನು ನನ್ನ ತುಳಸಿ ಗಿಡಕ್ಕೆ ಸುರಿದು ಬಂದು, ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ತುಂಬ ತುಂಬ್ಸಿ, ಮನೇಲಿ ಸೊಸೆಗೂ ಸ್ವಲ್ಪ ಬೇಕು" ಎಂದರು.